ಸಹಾಯ ಬೇಕು: ಗೊಂಬೆ ಹಬ್ಬಕ್ಕೆ ಕಡಿಮೆ ಖರ್ಚಿನ ಮೆಟ್ಟಿಲು, ಕಾಗದದ ಆನೆ
ಸದಸ್ಯರೆಲ್ಲರಿಗೂ ನಮಸ್ಕಾರ. ಈ ನವರಾತ್ರಿಗೆ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳನ್ನು ನಮ್ಮ ಬಾಡಿಗೆ ಮನೆಯ ಹಜಾರದಲ್ಲಿ ಕೂರಿಸಬೇಕೆಂದಿದ್ದೇವೆ. ಮರದ ಮೆಟ್ಟಿಲು ಮಾಡಿಸುವಷ್ಟು ಹಣವಿಲ್ಲದ ಕಾರಣ, ಹಳೆಯ ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳನ್ನು ಐದು ಹಂತವಾಗಿ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ, ಹರಿದ ರೇಷ್ಮೆ ಸೀರೆಯ ಜರಿಯಂಚನ್ನು ಅದಕ್ಕೆ ಹೊಲಿಯುವ ಯೋಚನೆಯಿದೆ. ಜಂಬೂಸವಾರಿಯ ಆನೆಯನ್ನು ಮಾತ್ರ ಮಕ್ಕಳ ಕೈಯಿಂದಲೇ ಮಾಡಿಸಬೇಕೆಂಬುದು ನನ್ನ ಬಹಳ ದಿನಗಳ ಆಸೆ. ನೆನೆಸಿದ ಪತ್ರಿಕೆಯ ಕಾಗದವನ್ನು, ಹುಳು ಹಿಡಿಯದಿರಲೆಂದು ಹಿರಿಯರು ಹಾಕುತ್ತಿದ್ದಂತೆ ಮೆಂತ್ಯದೊಂದಿಗೆ ರುಬ್ಬಿ ಮೆತ್ತುತ್ತಿದ್ದೇವೆ. ಆದರೆ ಒಣಗುವಾಗ ಸೊಂಡಿಲಿನ ಬುಡದಲ್ಲಿ ಬಿರುಕು ಬಿಡುತ್ತಿದೆ. ಒಳಗೆ ತಂತಿಯ ಆಧಾರ ಕೊಡಬೇಕೆ, ಅಥವಾ ತೆಳುವಾಗಿ ಪದರ ಪದರವಾಗಿ ಮೆತ್ತಿ ನೆರಳಿನಲ್ಲಿ ಒಣಗಿಸಿದರೆ ಸಾಕೆ? ಜೊತೆಗೆ, ಮೆಟ್ಟಿಲಿನ ಹಿಂದಿನ ಗೋಡೆಯ ಬಣ್ಣ ತೇವದಿಂದ ಉದುರುತ್ತಿದ್ದು, ಮೊಳೆ ಹೊಡೆಯದೆ ಅದನ್ನು ಮರೆಮಾಡುವ ಅಗ್ಗದ ಉಪಾಯ ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.