ಬಿಸಿನೀರ ಸ್ನಾನವಾದ ಮೇಲೆ ಕಣ್ಣು ಮಂಜು: ಎಂಎಸ್ ಮರುಕಳಿಸಿತಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಕ್ಕನಿಗೆ 31 ವರ್ಷ, ಇರೋದು ರಾಯಚೂರಲ್ಲಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು-ಬೆನ್ನುಹುರಿಯ ನರಗಳ ಹೊದಿಕೆ ಸವೆಯುವ ರೋಗ) ಅಂತ ಗೊತ್ತಾಗಿ ಎರಡು ವರ್ಷ. ಅದಕ್ಕೆ ಡೈಮೀಥೈಲ್ ಫ್ಯೂಮರೇಟ್ 240 ಮಿ.ಗ್ರಾಂ ಕ್ಯಾಪ್ಸೂಲ್ ದಿನಕ್ಕೆರಡು ಸಲ ನಡೀತಿದೆ. ಹೋದ ಭಾನುವಾರ ಎಣ್ಣೆ ಹಚ್ಚಿಕೊಂಡು ಹಂಡೆಯ ಬಿಸಿನೀರು ಹುಯ್ಕೊಂಡು ಬಂದಳು. ಎಡಗಣ್ಣು ಮಂಜಾಯಿತು, ಕಾಲಲ್ಲಿ ಶಕ್ತಿಯೇ ಇಲ್ಲ ಅಂದಳು. ಮುಕ್ಕಾಲು ಗಂಟೆ ಫ್ಯಾನಿನ ಕೆಳಗೆ ಮಲಗಿದ ಮೇಲೆ ಸರಿಹೋಯಿತು. ಮೊದಲ ಸಲ ಹೋಗಿದ್ದೂ ಅದೇ ಕಣ್ಣು. ಮತ್ತೆ ಅಟ್ಯಾಕಾ? ಹಳೇ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) 10 ಮಿ.ಗ್ರಾಂ ಮಾತ್ರೆ ಮನೇಲಿವೆ, ಕೊಡಲಾ?

ಉತ್ತರ (ನರರೋಗ ತಜ್ಞೆ): ಮಾತ್ರೆ ಕೊಡಬೇಡಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ಬಿಸಿನೀರು, ಅದೇ ಹಳೇ ಕಣ್ಣು, ಮುಕ್ಕಾಲು ಗಂಟೆ. ನಿಜವಾದ ಮರುಕಳಿಕೆ ಹೀಗೆ ಬಂದು ಹೀಗೆ ಹೋಗುವುದಿಲ್ಲ. ಗಂಟೆಗಳಲ್ಲೋ ದಿನಗಳಲ್ಲೋ ಏರುತ್ತದೆ, ಕನಿಷ್ಠ 24 ಗಂಟೆ ಬಿಡದೆ ಇರುತ್ತದೆ, ಆ ಹೊತ್ತಿಗೆ ಜ್ವರವಾಗಲಿ ಸೋಂಕಾಗಲಿ ಇರುವುದಿಲ್ಲ.

ಆಗಿದ್ದು ಇಷ್ಟು. ನರದ ಮೇಲಿನ ಮೈಲಿನ್ ಹೊದಿಕೆ ಹಿಂದಿನ ಅಟ್ಯಾಕಿನಲ್ಲಿ ಸವೆದಿದೆ. ಅಂಥ ನರ ಸಂದೇಶವನ್ನು ಹೇಗೋ ದಾಟಿಸುತ್ತಿರುತ್ತದೆ, ಮೈಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಕೆಲವರಲ್ಲಿ ಅದು ನಡುದಾರಿಯಲ್ಲೇ ನಿಂತುಬಿಡುತ್ತದೆ. ಮೈ ತಣ್ಣಗಾದರೆ ಮತ್ತೆ ಹರಿಯುತ್ತದೆ. ಹೊಸ ಗಾಯ ಆಗಿರುವುದಿಲ್ಲ. 1890ರಲ್ಲಿ ಇದನ್ನು ಬರೆದಿಟ್ಟ ಜರ್ಮನ್ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಹೆಸರೇ ಇದಕ್ಕಿದೆ. ಎಂಆರ್‌ಐ ಬರುವ ಮುಂಚೆ ರೋಗಿಯನ್ನು ಬಿಸಿನೀರ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣ ಹೊರಬರುತ್ತದಾ ಅಂತ ನೋಡುವ ಪರೀಕ್ಷೆಯೇ ಇತ್ತು. ಆಸ್ಪತ್ರೆಗಳು ಅದನ್ನು ಬಿಟ್ಟಿವೆ, ನಮ್ಮ ಬಚ್ಚಲುಮನೆಗಳಲ್ಲಿ ಹಬ್ಬಹಬ್ಬಕ್ಕೂ ನಡೆದೇ ಇದೆ.

ಇನ್ನು ಆ ಮಾತ್ರೆ. ಮರುಕಳಿಕೆಗೆ ಕೊಡುವುದು ಮೀಥೈಲ್‌ಪ್ರೆಡ್ನಿಸೊಲೋನ್, ದಿನಕ್ಕೆ 1 ಗ್ರಾಂ, ರಕ್ತನಾಳದ ಮೂಲಕ, 3ರಿಂದ 5 ದಿನ. ಅದರ 4 ಮಿ.ಗ್ರಾಂ ಪ್ರೆಡ್ನಿಸೊಲೋನಿನ 5 ಮಿ.ಗ್ರಾಂಗೆ ಸಮ, ಆ ಲೆಕ್ಕ ಹಾಕಿದರೆ ಒಂದು ದಿನದ ಡೋಸಿಗೆ ನಿಮ್ಮ 10 ಮಿ.ಗ್ರಾಂ ಮಾತ್ರೆ 125 ಬೇಕು! ಎರಡು ಮೂರು ನುಂಗಿದರೆ ಅಟ್ಯಾಕ್ ನಿಲ್ಲುವುದಿಲ್ಲ. ಸಕ್ಕರೆ ಏರುತ್ತದೆ, ನಿದ್ದೆ ಕೆಡುತ್ತದೆ, ಒಳಗೆ ಸೋಂಕಿದ್ದರೆ ಅದು ಬಲಿಯುತ್ತದೆ.

ಪ್ರಶ್ನೆ: ಹಾಗಾದರೆ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ ಮೇಡಂ?

ಉತ್ತರ: ಮೈ ತಣಿದ ಮೇಲೂ ಲಕ್ಷಣ ಇಡೀ ದಿನ ಉಳಿದರೆ. ಹಿಂದೆಂದೂ ಇಲ್ಲದ ಜಾಗದಲ್ಲಿ ಜೋಮು, ಎರಡೆರಡು ಕಾಣುವುದು, ಕಣ್ಣು ಹೊರಳಿಸಿದರೆ ನೋವು, ಮೂತ್ರ ಕಟ್ಟುವುದು ಶುರುವಾದರೆ ಆ ದಿನವೇ ಹೋಗಿ. ಕಾಲು ಇದ್ದಕ್ಕಿದ್ದ ಹಾಗೆ ಬಿದ್ದುಹೋದರೆ ಮೊದಲು ಮೂತ್ರ ಪರೀಕ್ಷೆ ಮತ್ತು ಕಲ್ಚರ್ ಮಾಡಿಸಿ. ಎಂಎಸ್‌ನಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಕೂರುತ್ತದೆ. ಉರಿ ಇಲ್ಲದೆಯೂ ಇರಬಹುದು. ಸೋಂಕು ಇಳಿದರೆ ಎಷ್ಟೋ ಸಲ ಕಾಲೂ ಏಳುತ್ತದೆ.

ಉತ್ತರ (ಫಿಸಿಯೋಥೆರಪಿಸ್ಟ್): ಮೇಡಂ ಹೇಳಿದ್ದಕ್ಕೆ ಸ್ನಾನದ ಮಾತು ಸೇರಿಸುತ್ತೇನೆ. ನೀರು ಉಗುರುಬೆಚ್ಚಗಿರಲಿ. ಜೋಮು ಹಿಡಿದ ಕೈಯಲ್ಲಿ ಬಿಸಿ ನೋಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಸರಿಯಿರುವ ಕೈಯ ಮೊಣಕೈ ಅದ್ದಿ ನೋಡಿ. ನಿಂತು ಸ್ನಾನ ಬೇಡ, ಜಾರದ ಸ್ಟೂಲ್ ಇರಲಿ, ಎಣ್ಣೆ ಬಿದ್ದ ನೆಲವನ್ನು ಮೊದಲು ತೊಳೆಯಿರಿ, ಬಾಗಿಲಿಗೆ ಒಳಚಿಲಕ ಹಾಕಬೇಡಿ. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನ್ ಬಿಸಿಗಾಳಿಯನ್ನೇ ತಿರುವಿ ಹಾಕುತ್ತದೆ, ಆದ್ದರಿಂದ ಕುತ್ತಿಗೆ ಮತ್ತು ಮುಂಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಫ್ಯಾನಿಗೆ ಕೂರಲಿ. ವ್ಯಾಯಾಮ ನಿಲ್ಲಿಸಬಾರದು: ಬೆಳಗ್ಗೆ ಬಿಸಿಲೇರುವ ಮುಂಚೆ, ಹತ್ತು ನಿಮಿಷ ಮಾಡಿ ಐದು ನಿಮಿಷ ಕೂತು, ಮತ್ತೆ ಹತ್ತು. ಶುರು ಮಾಡುವ ಮೊದಲು ಒಂದು ಲೋಟ ತಣ್ಣೀರು.

ಪ್ರಶ್ನೆ: ಕ್ಯಾಪ್ಸೂಲ್ ತಗೊಂಡ ಅರ್ಧ ಗಂಟೆಗೆ ಮುಖ ಕೆಂಪಾಗಿ ಕಾದುಬಿಡುತ್ತೆ ಅಂತಾಳೆ. ಇದೂ ಅದೇನಾ?

ಉತ್ತರ (ಔಷಧ ತಜ್ಞರು): ಅಲ್ಲ, ಅದು ಔಷಧದ್ದೇ ಅಡ್ಡಪರಿಣಾಮ, ಮೊದಲ ತಿಂಗಳುಗಳಲ್ಲಿ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಇನ್ನೂ ಹೆಚ್ಚು. ಊಟದ ನಡುವೆ ತಗೊಳ್ಳಲಿ. ರೊಟ್ಟಿ ಜೊತೆ ಶೇಂಗಾ ಹಿಂಡಿ, ಗಟ್ಟಿ ಮೊಸರು ಇದ್ದರೆ ಹೊಟ್ಟೆನುಲಿತವೂ ಕಡಿಮೆ. ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕಬಾರದು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ರಕ್ತ ಪರೀಕ್ಷೆ ತಪ್ಪಿಸಬೇಡಿ, ಈ ಔಷಧ ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳನ್ನು ಇಳಿಸಬಹುದು. ರಿಪೋರ್ಟಿನಲ್ಲಿ ಲಿಂಫೋಸೈಟ್ ಶೇಕಡಾ ಮಾತ್ರ ಕೊಟ್ಟಿದ್ದರೆ ನೀವೇ ಗುಣಿಸಿ: ಒಟ್ಟು ಬಿಳಿರಕ್ತಕಣ 4,800, ಲಿಂಫೋಸೈಟ್ 16% ಇದ್ದರೆ 768. ಇದು ಕಡಿಮೆಯೇ, ನಿಗಾ ಬೇಕು. 500ಕ್ಕಿಂತ ಕೆಳಗೆ ಆರು ತಿಂಗಳು ಉಳಿದರೆ ಔಷಧ ಬದಲಿಸುವ ಮಾತು ಬರುತ್ತದೆ, ಯಾಕೆಂದರೆ ಆಗ ಪಿಎಂಎಲ್ ಎಂಬ ಮಿದುಳಿನ ಸೋಂಕಿನ ಅಪಾಯ ಹೆಚ್ಚು.

ಪ್ರಶ್ನೆ (ಇನ್ನೊಬ್ಬರು): ನಮ್ಮ ಅತ್ತೆಗೂ ಎಂಎಸ್ ಅಂದಿದ್ದಾರೆ. ಶುರುವಾಗಿದ್ದು ಮೂರು ವಾರ ಬಿಡದ ಬಿಕ್ಕಳಿಕೆ, ವಾಂತಿಯಿಂದ. ಆಮೇಲೆ ಎರಡೂ ಕಾಲು ಹೋದವು. ಇದೂ ಎಂಎಸ್ಸೇನಾ?

ಉತ್ತರ (ನರರೋಗ ತಜ್ಞೆ): ಹೀಗೆ ಶುರುವಾದರೆ ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ, ಕಣ್ಣಿನ ನರ ಮತ್ತು ಬೆನ್ನುಹುರಿಗೆ ಬರುವ, ಎಂಎಸ್‌ನಂತೆ ಕಾಣುವ ಬೇರೆ ರೋಗ) ಅನುಮಾನ ಬರಲೇಬೇಕು. ಎಂಆರ್‌ಐ ರಿಪೋರ್ಟ್ ತೆಗೆದು, ಬೆನ್ನುಹುರಿಯ ಗಾಯ ಮೂರು ಅಥವಾ ಹೆಚ್ಚು ಕಶೇರುಗಳಷ್ಟು ಉದ್ದವಿದೆಯಾ ನೋಡಿ. ಎನ್‌ಎಂಒ ಇದ್ದವರ ರಕ್ತದಲ್ಲಿ ಹೆಚ್ಚಾಗಿ ಸಿಗುವ ಅಕ್ವಾಪೊರಿನ್-4 ಪ್ರತಿಕಾಯದ ಪರೀಕ್ಷೆ ಆಗಿದೆಯಾ ಕೇಳಿ. ಸೆಲ್ ಬೇಸ್ಡ್ (ಜೀವಕೋಶ ಬಳಸಿ ಮಾಡುವ) ವಿಧಾನದ್ದೇ ಆಗಿದ್ದರೆ ಹೆಚ್ಚು ನಂಬಬಹುದು. ಹೆಸರಿನ ವ್ಯತ್ಯಾಸ ಅಷ್ಟೇ ಅಂದುಕೊಳ್ಳಬೇಡಿ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮೋಡ್ ಎನ್‌ಎಂಒವನ್ನು ಕೆರಳಿಸುತ್ತವೆ. ಅವರು ಈಗ ತಗೊಳ್ಳುತ್ತಿರುವುದು ಯಾವ ಔಷಧ, ಇಲ್ಲಿ ಬರೆಯಿರಿ. ನಾವಾಗಿ ನಿಲ್ಲಿಸುವುದು ಬೇಡ, ಆದರೆ ಈ ವಾರವೇ ಅವರ ಡಾಕ್ಟರಿಗೆ ಬಿಕ್ಕಳಿಕೆಯ ವಿಷಯ ಹೇಳಿ. ಎಷ್ಟೋ ಮನೆಯವರು ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಹೇಳುವುದೇ ಇಲ್ಲ.