ಟೋಗಾ ಒತ್ತಿದೆ, ವಿಮಾನ ಹುಲ್ಲಿಗೆ ಹೋಯ್ತು: ತಪ್ಪು ಬಟನ್‌ದಾ, ನನ್ನದಾ?

ರನ್‌ವೇ26_ಹುಬ್ಬಳ್ಳಿ: ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಸಿಮ್ಯುಲೇಟರ್‌ನಲ್ಲಿ ನಮ್ಮ ಗೋಕುಲ್ ರೋಡ್ ವಿಮಾನ ನಿಲ್ದಾಣದಿಂದಲೇ ಬೋಯಿಂಗ್ 737-800 ಏರಿಸಲು ಹೋದೆ. ಆಟೊಥ್ರಾಟಲ್ (ಥ್ರಸ್ಟ್ ಲಿವರನ್ನು ತಾನೇ ಸರಿಸುವ ವ್ಯವಸ್ಥೆ) ಆರ್ಮ್ ಮಾಡಿದೆ, ಅಂದ್ರೆ ಸಿದ್ಧ ಸ್ಥಿತಿಗೆ ತಂದೆ, ಬ್ರೇಕ್ ಬಿಟ್ಟೆ, ಟೋಗಾ ಒತ್ತಿದೆ. ಹೊಸಬರಿಗೆ ಹೇಳ್ತೀನಿ, ಇದು ಟೇಕಾಫ್‌ಗೆ ಬೇಕಾದ ಥ್ರಸ್ಟನ್ನು, ಅಂದ್ರೆ ಎಂಜಿನ್ ತಳ್ಳುವ ಬಲವನ್ನು, ಕಂಪ್ಯೂಟರಿನ ಕೈಯಿಂದ ಹಾಕಿಸುವ ಬಟನ್. ಮೂಗು ಎಡಕ್ಕೆ ತಿರುಗಿತು. ಗಾಬರಿಯಾಗಿ ಲಿವರ್ ಹಿಂದಕ್ಕೆ ಎಳೆದೆ, ಆದ್ರೂ ಎಂಜಿನ್ ಕೂಗ್ತಾನೇ ಇತ್ತು. ಸೀದಾ ಹುಲ್ಲಿಗೆ. ಈ ಬಟನ್ ಬಳಸಲೇಬೇಕಾ? ಕೈಯಿಂದ ತಳ್ಳಿದರೆ ಆಗಲ್ವಾ?

ಸಾಧನಕೇರಿ_ಗಾಳಿಪಟ: ಬಿಟ್ಟುಬಿಡಿ ಅದನ್ನ. ನಾನು ನಾಲ್ಕು ವರ್ಷದಿಂದ ಕೈಯಿಂದಲೇ ತಳ್ಳುತ್ತಿದ್ದೇನೆ. ಗೇರ್ ಇಲ್ಲದ ಸ್ಕೂಟರ್ ಕಲಿತವನಿಗೆ ಬೈಕ್ ಕೊಟ್ಟರೆ ಏನಾಗುತ್ತೆ ಗೊತ್ತಲ್ವಾ? ಮೊದಲು ಕೈ ಪಳಗಲಿ, ಬಟನ್ ಆಮೇಲೆ.

ಹಾವೇರಿ_ಮೆಕ್ಕೆಜೋಳ: ಒಂದು ಕೇಳ್ತೀನಿ. ಟೋಗಾ ಒತ್ತುವಾಗ ಎಂಜಿನ್ ಎಷ್ಟರಲ್ಲಿ ಇದ್ದವು?

ರನ್‌ವೇ26_ಹುಬ್ಬಳ್ಳಿ: ಐಡಲ್‌ನಲ್ಲೇ, ಅಂದ್ರೆ ಅತಿ ಕಡಿಮೆ ವೇಗದಲ್ಲಿ. ಎನ್1, ಅಂದ್ರೆ ಎಂಜಿನ್ನಿನ ಮುಂದಿನ ಫ್ಯಾನ್ ತಿರುಗುವ ವೇಗ, ಶೇಕಡಾ ಸುಮಾರು 20 ಇತ್ತು.

ಹಾವೇರಿ_ಮೆಕ್ಕೆಜೋಳ: ಸಿಕ್ಕಿತು ನೋಡಿ. ಐಡಲ್‌ನಿಂದ ಎರಡೂ ಎಂಜಿನ್ ಒಂದೇ ವೇಗದಲ್ಲಿ ಏಳೋದಿಲ್ಲ. ನಮ್ಮ ಹೊಲದ ಲೆಕ್ಕದಲ್ಲಿ ಹೇಳ್ತೀನಿ: ಒಂದು ಎತ್ತು ನೊಗಕ್ಕೆ ಹೆಗಲು ಕೊಟ್ಟಾಗಿದೆ, ಇನ್ನೊಂದು ಇನ್ನೂ ಮೆಲುಕು ಹಾಕ್ತಿದೆ. ಗಾಡಿ ಸೀದಾ ಹೋಗುತ್ತಾ? ನಿಮ್ಮ ಬಲಗಡೆ ಎಂಜಿನ್ ಮುಂಚೆ ಎದ್ದಿದೆ, ಅದಕ್ಕೇ ಮೂಗು ಎಡಕ್ಕೆ. ಲಿವರ್ ಕೈಯಿಂದ ತಳ್ಳಿ ಎರಡನ್ನೂ 40ಕ್ಕೆ ತನ್ನಿ. ಎರಡು ಮುಳ್ಳೂ ಸಮ ಬಂದು ನಿಲ್ಲಲಿ. ಆಮೇಲೆ ಟೋಗಾ. ನಿಜವಾದ 737ರಲ್ಲೂ ಹೀಗೇ ಮಾಡೋದು.

ಸಾಧನಕೇರಿ_ಗಾಳಿಪಟ: ಅರ್ಧ ಕೆಲಸ ಕೈಯಿಂದಲೇ ಮಾಡೋದಾದ್ರೆ ಉಳಿದರ್ಧಕ್ಕೆ ಬಟನ್ ಯಾಕೆ?

ಕೇಶ್ವಾಪುರ_ಕಾಕ್‌ಪಿಟ್: ಗಾಳಿಪಟ ಅಣ್ಣಾ, ನೀವು ಕೈಯಿಂದ ಎಷ್ಟಕ್ಕೆ ತಳ್ಳುತ್ತೀರಿ?

ಸಾಧನಕೇರಿ_ಗಾಳಿಪಟ: ಪೂರ್ತಿ. ಲಿವರ್ ಹೋದಷ್ಟು.

ಕೇಶ್ವಾಪುರ_ಕಾಕ್‌ಪಿಟ್: ಅಲ್ಲೇ ಬಂತು ನೋಡಿ. ನಿಜವಾದ ಪೈಲಟ್‌ಗಳು ದಿನಾ ಪೂರ್ತಿ ಥ್ರಸ್ಟ್ ಹಾಕೋದಿಲ್ಲ. ಹುಬ್ಬಳ್ಳಿ ರನ್‌ವೇ 2,600 ಮೀಟರ್ ಇದೆ. ಬೆಂಗಳೂರಿಗೆ ಹೋಗುವ ವಿಮಾನಕ್ಕೆ ಇಂಧನ ಕಮ್ಮಿ, ತೂಕ ಕಮ್ಮಿ. ಹಾಗಾಗಿ ಹೊರಗೆ 26 ಡಿಗ್ರಿ ಇದ್ದರೂ ಲೆಕ್ಕ ಹಾಕಿ ಕಂಪ್ಯೂಟರ್‌ಗೆ 45 ಅಂತ ಕೊಡ್ತಾರೆ. 45 ಡಿಗ್ರಿ ಬಿಸಿಲಲ್ಲಿ ಎಂಜಿನ್ ಎಷ್ಟು ಥ್ರಸ್ಟ್ ಕೊಡ್ತಿತ್ತೋ ಅಷ್ಟೇ ಬರುತ್ತೆ. ಎಂಜಿನ್ ಒಳಗಿನ ಬಿಸಿ ಇಳಿಯುತ್ತೆ, ಬಾಳಿಕೆ ಜಾಸ್ತಿ. ಲೆಕ್ಕ ಮಾಡಿದ ಆ ಅಂಕಿಗೆ ಎರಡೂ ಎಂಜಿನ್ನನ್ನು ಸರಿಯಾಗಿ ತಂದು ನಿಲ್ಲಿಸೋದು ಟೋಗಾ ಕೆಲಸ. ಕೈಯಿಂದಲೂ ಆಗುತ್ತೆ, ಆದ್ರೆ ಆ ಹೊತ್ತಿಗೆ ಕಣ್ಣು ಹೊರಗೆ ರನ್‌ವೇ ಮೇಲೆ ಇರಬೇಕು, ಮುಳ್ಳಿನ ಮೇಲಲ್ಲ. ಹಾಂ, ಮಳೆಗಾಲದಲ್ಲಿ ರನ್‌ವೇ ಮೇಲೆ ನೀರು ನಿಂತಿದ್ದರೆ ಈ ಸುಳ್ಳು ಬಿಸಿಲಿನ ಆಟ ನಡೆಯೋದಿಲ್ಲ.

ಸಾಧನಕೇರಿ_ಗಾಳಿಪಟ: ಸುಳ್ಳು ಬಿಸಿಲು! ಈ ಮಾತು ಇಷ್ಟ ಆಯ್ತು. ಆದ್ರೂ ಒಪ್ಪಲ್ಲ. ನನಗೂ ಒಮ್ಮೆ ಟೋಗಾ ಕೈಕೊಟ್ಟಿದೆ. ಓಟದ ವೇಗ 90 ನಾಟ್ ಆಸುಪಾಸಿನಲ್ಲಿದ್ದಾಗ ಥ್ರಸ್ಟ್ ತಾನಾಗೇ ಬಿದ್ದುಹೋಯ್ತು. ಅವತ್ತೇ ಬಿಟ್ಟೆ.

ಕೇಶ್ವಾಪುರ_ಕಾಕ್‌ಪಿಟ್: ಅದು ಟೋಗಾ ಅಲ್ಲ ಅಣ್ಣಾ, ನಿಮ್ಮ ಜಾಯ್‌ಸ್ಟಿಕ್. 84 ನಾಟ್‌ಗೆ ಪರದೆ ಮೇಲೆ ಥ್ರಸ್ಟ್ ಹೋಲ್ಡ್ ಅಂತ ಬರುತ್ತಲ್ಲ, ಆಗ ಆಟೊಥ್ರಾಟಲ್ ಲಿವರನ್ನು ಕೈಬಿಡುತ್ತೆ. ಓಟದ ನಡುವೆ ಅದೇ ಕೆಟ್ಟು ಥ್ರಸ್ಟ್ ಎಳೆದುಬಿಡಬಾರದು ಅಂತ ಈ ಏರ್ಪಾಡು. ನಿಜವಾದ ವಿಮಾನದಲ್ಲಿ ಅಷ್ಟೊತ್ತಿಗೆ ಮೋಟರ್ ಲಿವರನ್ನು ಮುಂದೆ ತಳ್ಳಿರುತ್ತೆ, ಅದು ಅಲ್ಲೇ ಇರುತ್ತೆ. ನಮ್ಮ ಮೇಜಿನ ಮೇಲಿನ ಪ್ಲಾಸ್ಟಿಕ್ ಲಿವರ್‌ಗೆ ಮೋಟರ್ ಎಲ್ಲಿಂದ ಬರಬೇಕು? ಅದು ಹಿಂದೇನೇ ಕೂತಿರುತ್ತೆ. ಹೋಲ್ಡ್ ಬಂದ ಮೇಲೆ ಅದು ಕೂದಲೆಳೆಯಷ್ಟು ಅಲುಗಿದರೂ ಸಿಮ್ಯುಲೇಟರ್ ಅದನ್ನೇ ನಂಬಿ ಥ್ರಸ್ಟ್ ಇಳಿಸುತ್ತೆ. ಟೋಗಾ ಒತ್ತಿದ ಕೂಡಲೇ ನಿಮ್ಮ ಲಿವರನ್ನೂ ಮುಂದೆ ತಳ್ಳಿ ಇಡಿ.

ಹಾವೇರಿ_ಮೆಕ್ಕೆಜೋಳ: ರನ್‌ವೇ26 ಅವರು ಎಳೆದರೂ ಎಂಜಿನ್ ಕೂಗಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ. 84ಕ್ಕಿಂತ ಮುಂಚೆ ಆಟೊಥ್ರಾಟಲ್ ಇನ್ನೂ ಹಿಡಿದುಕೊಂಡಿರುತ್ತೆ. ಟೇಕಾಫ್ ಬಿಡೋದಾದ್ರೆ ಲಿವರ್ ಐಡಲ್‌ಗೆ ತಂದು ಆಟೊಥ್ರಾಟಲ್ ಕಳಚಬೇಕು. ಎರಡೂ ಮಾಡಬೇಕು.

ಗದಗ_ಪ್ರೊಪೆಲ್ಲರ್: ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಾನು ಹಾರಿಸೋದು ಪ್ರೊಪೆಲ್ಲರ್ ವಿಮಾನ ಎಟಿಆರ್ 72-600. ಹುಬ್ಬಳ್ಳಿಗೆ ನಿಜವಾಗಿ ಬಂದು ಹೋಗುವ ಜಾತಿಯದು. ಅದರಲ್ಲಿ ಆಟೊಥ್ರಾಟಲ್ಲೇ ಇಲ್ಲ, ಪವರ್ ಲಿವರ್ ಕೈಯಿಂದಲೇ ನಾಚ್‌ಗೆ, ಅಂದ್ರೆ ಟೇಕಾಫ್‌ಗೆ ಗುರುತಿಟ್ಟ ಕಚ್ಚಿಗೆ, ತಳ್ಳಬೇಕು. ಆದ್ರೆ ಎಟಿಪಿಸಿಎಸ್ ಅಂತ ಇನ್ನೊಂದು ಆಟೊಮ್ಯಾಟಿಕ್ ಇದೆ. ಮಾಮೂಲಿ ಟೇಕಾಫ್‌ಗೆ ಟಾರ್ಕ್ (ಪ್ರೊಪೆಲ್ಲರ್ ತಿರುಗಿಸುವ ಬಲ) ಶೇಕಡಾ 90. ಒಂದು ಎಂಜಿನ್ ಸತ್ತರೆ ಇನ್ನೊಂದನ್ನು ಅದೇ 100ಕ್ಕೆ ಏರಿಸುತ್ತೆ, ಸತ್ತ ಕಡೆಯ ಪ್ರೊಪೆಲ್ಲರ್ ಎಲೆಗಳನ್ನು ಗಾಳಿಗೆ ಅಡ್ಡ ಬರದ ಹಾಗೆ ತಿರುಗಿಸುತ್ತೆ. ಗಾಳಿಪಟ ಅವರೇ, ಇದನ್ನೂ ಕೈಯಿಂದ ಮಾಡ್ತೀರಾ?

ಸಾಧನಕೇರಿ_ಗಾಳಿಪಟ: ಕೇಳಿದ್ದು ಒಳ್ಳೇದಾಯ್ತು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಬಿದ್ದ ಟ್ರಾನ್ಸ್ಏಷ್ಯಾ ವಿಮಾನ ಎಟಿಆರ್ 72-600 ತಾನೇ? ಅದೇ ಆಟೊಮ್ಯಾಟಿಕ್ ಸುಮ್ನೆ ಒಂದು ಪ್ರೊಪೆಲ್ಲರ್‌ನ ಎಲೆಗಳನ್ನು ಹಾಗೆ ತಿರುಗಿಸಿತು. 43 ಜನ ಸತ್ತರು.

ಗದಗ_ಪ್ರೊಪೆಲ್ಲರ್: ಪೂರ್ತಿ ಹೇಳಿ. ಆಟೊಮ್ಯಾಟಿಕ್ ಕೆಟ್ಟಿದ್ದು ನಿಜ, ಬಲಗಡೆ ಎಂಜಿನ್ ಹೋಯ್ತು. ಆಮೇಲೆ ಕ್ಯಾಪ್ಟನ್ ಚೆನ್ನಾಗಿ ಓಡ್ತಿದ್ದ ಎಡಗಡೆ ಎಂಜಿನ್ನನ್ನು ಕೈಯಿಂದಲೇ ಇಳಿಸಿ ಆರಿಸಿದರು. ಅದಕ್ಕೂ ಮುಂಚೆ, ಓಟದಲ್ಲೇ, ಎಟಿಪಿಸಿಎಸ್ ಆರ್ಮ್ ಆಗಿರಲಿಲ್ಲ. ಅಲ್ಲೇ ನಿಲ್ಲಿಸಬೇಕಿತ್ತು, ಮುಂದುವರಿಸಿದರು. ಸಿಮ್ಯುಲೇಟರ್‌ನಲ್ಲಿ ನಾನು ಈಗ ಪ್ರತಿ ಸಲ ಆರ್ಮ್ ಆಗಿದೆ ಅನ್ನೋ ಹಸಿರು ಅಕ್ಷರ ಕಂಡಿತಾ ಅಂತ ನೋಡಿಯೇ ಮುಂದಕ್ಕೆ ಹೋಗೋದು. ಕಾಣದಿದ್ದರೆ ಲಿವರ್ ಹಿಂದಕ್ಕೆ, ವಾಪಸ್.

ಸಾಧನಕೇರಿ_ಗಾಳಿಪಟ: ಸರಿ, ಆ ಲೆಕ್ಕದಲ್ಲಿ ಕೈಯೂ ತಪ್ಪು ಮಾಡಿದೆ. ಒಪ್ಪಿದೆ. ಆದ್ರೆ 737ರಲ್ಲಿ ನನ್ನದು ಕೈಯೇ. ಬೇಕಾದ್ರೆ ಎನ್1 ಅಂಕಿ ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸ್ತೀನಿ.

ರನ್‌ವೇ26_ಹುಬ್ಬಳ್ಳಿ: ಈಗ ಮತ್ತೆ ಹಾರಿಸಿ ಬಂದೆ. 40ಕ್ಕೆ ನಿಲ್ಲಿಸಿದೆ. ಎಡ 41, ಬಲ 38. ಕಾದೆ. ಎರಡೂ 40 ಆದ ಮೇಲೆ ಟೋಗಾ ಒತ್ತಿ, ಪ್ಲಾಸ್ಟಿಕ್ ಲಿವರನ್ನೂ ಮುಂದೆ ತಳ್ಳಿದೆ. ವಿಮಾನ ನಡುಗೆರೆ ಬಿಟ್ಟು ಅಲುಗಲಿಲ್ಲ. ಹೋಲ್ಡ್ ಬಂತು, ಥ್ರಸ್ಟ್ ಬೀಳಲಿಲ್ಲ, ಎದ್ದೆ. ಖುಷಿಯಲ್ಲಿ ಗಾಲಿ ಮಡಚೋದೇ ಮರೆತು ಧಾರವಾಡ ದಾಟಿಬಿಟ್ಟೆ.