ಅಪ್‌ಡೇಟ್: ಪ್ರೈಮರ್ ಬೇರೆ ಬೇರೆಯೇ ತಗೊಂಡೆ

ಖಾಲಿ ಕೇಸುಗಳಿಗೆ ಮತ್ತೆ ಮದ್ದು ತುಂಬೋಕೆ (ರೀಲೋಡಿಂಗ್) 9 ಎಂಎಂ ಪಿಸ್ತೂಲ್ ಗುಂಡಿಗೂ .223 ರೈಫಲ್ ಗುಂಡಿಗೂ ಒಂದೇ ಸ್ಮಾಲ್ ಪ್ರೈಮರ್ (ಪಿನ್ ಬಡಿದಾಗ ಮದ್ದು ಹೊತ್ತಿಸೋ ಪುಟ್ಟ ಲೋಹದ ಕಪ್) ಸಾಕಾಗಲ್ವಾ ಅಂತ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಸಾಕಾಗಲ್ಲ.

ಅಗಲ ಎರಡಕ್ಕೂ 0.175 ಇಂಚೇ. ಆದರೆ ರೈಫಲ್ ಪ್ರೈಮರ್‌ನ ಕಪ್ ಗಟ್ಟಿ. .223ರ ಒತ್ತಡಕ್ಕೆ ಪಿಸ್ತೂಲ್ ಪ್ರೈಮರ್ ಹಾಕಿದರೆ ಪಿನ್ ಬಡಿದ ಜಾಗ ತೂತಾಗಿ ಬಿಸಿ ಗ್ಯಾಸ್ ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚೋ ಭಾಗ) ಕಡೆ ನುಗ್ಗಬಹುದು. ಲಾರ್ಜ್ ಸೈಜಿನದು ಇನ್ನೊಂದು ತಕರಾರು. ಅಲ್ಲಿ ರೈಫಲ್ ಪ್ರೈಮರ್ ಎತ್ತರವೂ ಜಾಸ್ತಿ, ಪಿಸ್ತೂಲ್ ಕೇಸಿನಲ್ಲಿ ಕೂರಿಸಿದರೆ ಹೊರಗೆ ಉಬ್ಬಿಕೊಂಡಿರುತ್ತೆ.

ನನ್ನ .223 ರೈಫಲ್ ಎಆರ್-15. ಅದರ ಫೈರಿಂಗ್ ಪಿನ್‌ಗೆ ಸ್ಪ್ರಿಂಗ್ ಇಲ್ಲ. ಚೇಂಬರ್‌ಗೆ ಹೋದ ಗುಂಡನ್ನು ಹಾರಿಸದೆ ಹೊರತೆಗೆದು ನೋಡಿದೆ: ಪ್ರೈಮರ್ ನಡುವೆ ಸಾಸಿವೆಗಿಂತ ಚಿಕ್ಕ ಚುಕ್ಕಿ. ಬೋಲ್ಟ್ ಮುಚ್ಚುವಾಗ ಪಿನ್ ತಾಗಿದ ಗುರುತು. ಇದು ಮಾಮೂಲಿ ಅಂತ ಗೊತ್ತಿದ್ದರೂ ಮೆತ್ತಗಿನ ಕಪ್ ಬೇಡ ಅನ್ನಿಸಿತು. ಅದಕ್ಕೇ ಸಿಸಿಐ 41 ಅನ್ನೋ ರೈಫಲ್ ಪ್ರೈಮರ್ ಆರಿಸಿಕೊಂಡೆ. ಪಿಸ್ತೂಲಿಗೆ ಮಾಮೂಲಿ ಸ್ಮಾಲ್ ಪಿಸ್ತೂಲ್, ಅದರಲ್ಲಿ ತಲೆ ಕೆಡಿಸಿಕೊಳ್ಳೋದೇನೂ ಇರಲಿಲ್ಲ.

ಹಳೆಯ ಲೋಡ್ (ಮದ್ದಿನ ಅಳತೆ) ಹಾಗೇ ಇಟ್ಟು ಪ್ರೈಮರ್ ಮಾತ್ರ ಬದಲಿಸಬಹುದು ಅಂತ ಒಬ್ಬರು ಹೇಳಿದ್ದರು. ಅದನ್ನು ನಾನು ಒಪ್ಪಲ್ಲ. ಪ್ರೈಮರ್ ಬದಲಾದರೆ ಒತ್ತಡವೂ ಬದಲಾಗುತ್ತೆ. ರೀಲೋಡಿಂಗ್ ಮ್ಯಾನ್ಯುಯಲ್‌ನ ಆರಂಭದ ಅಳತೆಯಿಂದಲೇ ಮತ್ತೆ ಶುರು ಮಾಡಿದ್ದೇನೆ.